ಹಾವಸೆಯ ಮೀನೂ ಹಸಿವಿನ ಚರಿತ್ರೆಯೂ

ತೆಂಗಳಿಯ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ಶಹಾಬಾದು ಕಲ್ಲಿನ ಒಂದು ಬಾನಿ ಇತ್ತು. ದನಗಳು ಬಂದು ನೀರು ಕುಡಿಯುವ ಬಾನಿ. ವಾರಕ್ಕೊಮ್ಮೆ ಅದರ ಒಳಗೋಡೆಗೆ ಹಿಡಿದ ಹಾವಸೆಯನ್ನು ತೆಂಗಿನ ಜುಂಗಿನಿಂದ ತಿಕ್ಕಿ ತೊಳೆಯುವುದು ಮನೆಯ ಕಿರಿಯವನಾದ ನನ್ನ ಪಾಲಿನ ಕೆಲಸ. ಇಂದು ತಿಕ್ಕಿದರೆ ನಾಲ್ಕು ದಿನಕ್ಕೆ ಮತ್ತೆ ಹಸಿರು. ಈ ಹಾವಸೆಯನ್ನು ತಿಂದು ಮುಗಿಸುವ ಪ್ರಾಣಿಯೊಂದನ್ನು ದೇವರು ಏಕೆ ಸೃಷ್ಟಿಸಲಿಲ್ಲವೋ ಎಂದು ಆಗ ನಾನು ಗೊಣಗಿದ್ದುಂಟು. ದೇವರು ಸೃಷ್ಟಿಸಿದ್ದನೆಂಬುದು ಮೂವತ್ತು ವರ್ಷಗಳ ಮೇಲೆ ತಿಳಿಯಿತು. ಆ ಪ್ರಾಣಿಯನ್ನು ಮನೆಗೆ ತಂದು ಹಸಿವಿನಿಂದ ಕೊಂದ ಮೇಲೆ, ಅದಕ್ಕೂ ಒಂದು ಚರಿತ್ರೆಯಿದೆಯೆಂಬುದು ತಿಳಿಯಿತು.

ಕಲಬುರ್ಗಿಯ ಮನೆಯಲ್ಲಿ ಮಗಳ ಹಟಕ್ಕೆ ಸೋತು ಗಾಜಿನ ಮೀನುತೊಟ್ಟಿಯೊಂದನ್ನು ಇಟ್ಟೆವು. ಬಣ್ಣಬಣ್ಣದ ಮೀನುಗಳ ಜೊತೆಗೆ ಅಂಗಡಿಯವನು ನಾಲ್ಕು ಸಣ್ಣ ಕಂದುಬಣ್ಣದ ಮೀನುಗಳನ್ನೂ ಕೊಟ್ಟ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ; ಬಾಯಿ ಮುಖದ ಅಡಿಯಲ್ಲಿ; ಗಾಜಿಗೆ ಅಂಟಿಕೊಂಡು ಸದ್ದಿಲ್ಲದೆ ಇರುವ ಜೀವಗಳು. ದಕ್ಷಿಣ ಅಮೆರಿಕದ ಮೂಲದ ಇವಕ್ಕೆ ಓಟೊಸಿಂಕ್ಲಸ್ ಎಂದು ಹೆಸರು. “ಇವಕ್ಕೇನೂ ಹಾಕಬೇಕಾಗಿಲ್ಲ ಸಾರ್, ಪಾಚಿ ನೆಕ್ಕಿಕೊಂಡೇ ಬದುಕುತ್ತವೆ” ಎಂದ ಅಂಗಡಿಯವನು. ಮಗಳು ಮೊದಲ ವಾರದಲ್ಲೇ ಕೇಳಿದಳು: “ಅಪ್ಪಾ, ಪಾಚಿ ಮುಗಿದ ಮೇಲೆ ಇವು ಏನು ತಿನ್ನುತ್ತವೆ?” ನಾನು ಅಂಗಡಿಯವನ ಮಾತನ್ನೇ ಮೇಷ್ಟರ ಗತ್ತಿನಲ್ಲಿ ಒಪ್ಪಿಸಿದೆ. ಒಂದು ತಿಂಗಳಲ್ಲಿ ಮೂರು ಸತ್ತವು. ಹೊಟ್ಟೆ ಒಳಕ್ಕೆ ಸೇದಿಕೊಂಡು ಕಡ್ಡಿಯಂತಾಗಿದ್ದವು. ಉಳಿದ ಒಂದು, ಒಂದು ಎಲೆಯ ಮರೆಯಲ್ಲಿ ಅಡಗಿ ಕುಳಿತಿತ್ತು. ತೊಟ್ಟಿಯ ಗಾಜು ಮಾತ್ರ ಕನ್ನಡಿಯಂತೆ ಶುಭ್ರವಾಗಿತ್ತು.

ಇದರಲ್ಲಿ ನನಗೆ ಹೆಚ್ಚು ನಾಚಿಕೆ ತಂದ ಸಂಗತಿ ಬೇರೊಂದಿದೆ. ನನ್ನ ಕಪಾಟಿನಲ್ಲಿ ‘ಮಾನಸೋಲ್ಲಾಸ’ವಿದೆ. ಇದು ನಮ್ಮ ನೆರೆಯ ಕಲ್ಯಾಣದಿಂದ, ಇಂದಿನ ಬಸವಕಲ್ಯಾಣದಿಂದ, ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ. ಸುಮಾರು 1129ರಲ್ಲಿ ರಚಿತವಾದುದು. ಆರನೆಯ ವಿಕ್ರಮಾದಿತ್ಯನ ಮಗನಾದ ಈತ 1126ರಿಂದ 1138ರವರೆಗೆ ಆಳಿದ. ಭೂಲೋಕಮಲ್ಲನೆಂದೂ ಸರ್ವಜ್ಞ ಚಕ್ರವರ್ತಿಯೆಂದೂ ಬಿರುದು ಪಡೆದ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜ್ಯಭಾರ, ಸಂಗೀತ, ಚಿತ್ರಕಲೆ, ಆನೆ ಕುದುರೆ, ಅಡುಗೆ ಆಟ ಎಲ್ಲವೂ ಅದರಲ್ಲಿವೆ. ನಮ್ಮ ಇಡ್ಲಿಯ ಪೂರ್ವಜವಾದ ‘ಇಡ್ಡರಿಕಾ’, ದೋಸೆಯ ಪೂರ್ವಜವಾದ ‘ದೋಸಕ’ ಅದರಲ್ಲಿವೆಯೆಂದು ಪ್ರತಿವರ್ಷ ತರಗತಿಯಲ್ಲಿ ಹೇಳಿ ವಿದ್ಯಾರ್ಥಿಗಳನ್ನು ನಗಿಸುವವನು ನಾನೇ. ಆದರೆ ಅಡುಗೆಯ ಪುಟಗಳಿಂದ ಆಚೆಗೆ ಹೋಗಿ, ವಿನೋದಗಳ ವಿಂಶತಿಯಲ್ಲಿರುವ ‘ಮತ್ಸ್ಯವಿನೋದ’ವನ್ನು ನಾನು ಓದಿರಲಿಲ್ಲ. ಮೂರು ಮೀನು ಸತ್ತ ಮೇಲೆ ಓದಿದೆ.

ಮತ್ಸ್ಯವಿನೋದವು ಗಾಳ ಹಾಕುವ ಆಟದ ಅಧ್ಯಾಯ. ಅರಸನ ಉದ್ದೇಶ ಮೀನನ್ನು ಸಾಕುವುದಲ್ಲ, ಹಿಡಿಯುವುದು. ಹಾಗಿದ್ದರೂ ಅಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರಿದೆ. ರೋಹಿತ, ಪಾಠೀನ ಮೊದಲಾದವುಗಳನ್ನು ಒಂದೇ ಮೂಟೆಯಲ್ಲಿ ಕಟ್ಟದೆ, ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಬರಿಯ ಚರ್ಮದವು ಯಾವುವು. ದೊಡ್ಡವು, ನಡುತರದವು, ಚಿಕ್ಕವು ಯಾವುವು ಎಂದು ವಿಂಗಡಿಸಲಾಗಿದೆ. ಎಲ್ಲಕ್ಕಿಂತ ಮುಖ್ಯವಾದುದು ಮೇವಿನ ವಿಚಾರ. ಗಾಳ ಹಾಕುವ ಮೊದಲು ಮೀನುಗಳಿಗೆ ಮೇವು ಹಾಕಿ ಕೊಬ್ಬಿಸಿ ಒಂದೆಡೆ ರೂಢಿಮಾಡಬೇಕು. ಆ ಮೇವು ಎಲ್ಲಕ್ಕೂ ಒಂದೇ ಅಲ್ಲ. ಹಿಟ್ಟಿನ ಉಂಡೆ ಒಪ್ಪುವುದಕ್ಕೆ ಹಿಟ್ಟು, ಅನ್ನ ಒಪ್ಪುವುದಕ್ಕೆ ಅನ್ನ, ಮಾಂಸ ಬೇಡುವುದಕ್ಕೆ ಮಾಂಸ. ಮೀನನ್ನು ಕೊಲ್ಲಹೊರಟ ಅರಸನು ಯಾವ ಮೀನು ಏನು ತಿನ್ನುವುದೆಂದು ವಿಚಾರಿಸಿದ. ಮೀನನ್ನು ಪ್ರೀತಿಸಿ ಮನೆಗೆ ತಂದ ನಾನು ವಿಚಾರಿಸಲಿಲ್ಲ. ಇದಕ್ಕಿಂತ ಕಟುವಾದ ಪಾಠ ಒಬ್ಬ ಅಧ್ಯಾಪಕನಿಗೆ ಬೇಕೆ?

ಈ ಗ್ರಂಥವನ್ನು ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಶ್ರೀಗೊಂಡೇಕರರು ಸಂಪಾದಿಸಿದರು. ಮೊದಲ ಸಂಪುಟ 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ ಹೊರಬಂದಿತು. ಪಂಡಿತರು ಓದಿದರು, ಮೆಚ್ಚಿದರು. ಆದರೆ ಮತ್ಸ್ಯವಿನೋದಕ್ಕೆ ಮೀನು ಬಲ್ಲವನೊಬ್ಬನ ಕಣ್ಣು ಬೇಕಾಗಿತ್ತು. ಆ ಕಣ್ಣು ಡಾಕ್ಟರ್ ಸುಂದರಲಾಲ್ ಹೋರಾ ಅವರದು. ಭಾರತೀಯ ಪ್ರಾಣಿಸರ್ವೇಕ್ಷಣದ ನಿರ್ದೇಶಕರಾಗಿದ್ದ ಅವರು 1951ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ಬರೆದರು. ಸೋಮೇಶ್ವರನ ಮೀನುಗಳು ಇಂದಿನ ಯಾವ ಮೀನುಗಳೆಂದು ಗುರುತಿಸಲು ಯತ್ನಿಸಿದರು.

ಇಲ್ಲಿ ವಾಚಕರು ಒಂದು ಸ್ವಾರಸ್ಯವನ್ನು ಗಮನಿಸಬೇಕು. ಇದೇ ಹೋರಾ ಅವರು ಮೂವತ್ತು ವರ್ಷ ಮೊದಲು, 1921ರಲ್ಲಿ, ಗಾರಾ ಎಂಬ ಮೀನಿನ ಕುಲವನ್ನು ಕುರಿತು ವಿಸ್ತಾರವಾಗಿ ಬರೆದಿದ್ದರು. ಗಾರಾ ನಮ್ಮ ದೇಶದ ಹೊಳೆಗಳ ಹಾವಸೆಯ ಮೀನು. ಅದರ ಕೆಳತುಟಿ ಅಗಲವಾಗಿ ಬಿಲ್ಲೆಯಂತಾಗಿದೆ. ಆ ಬಿಲ್ಲೆಯಿಂದ ಬಂಡೆಗೆ ಅಂಟಿಕೊಂಡು, ನೀರಿನ ರಭಸಕ್ಕೆ ಜಗ್ಗದೆ, ಕಲ್ಲಿನ ಮೇಲಿನ ಹಾವಸೆಯನ್ನು ಕೆರೆದು ತಿನ್ನುತ್ತದೆ. ಹರಿವ ನೀರಿನಲ್ಲಿ ಕಲ್ಲು ಹಿಡಿದು ಬಾಳುವ ಇಂಥ ಮೀನುಗಳ ಬಂಧುಗಳು ಅತ್ತ ಪೂರ್ವ ಹಿಮಾಲಯ ಮಲಯಗಳಲ್ಲೂ ಇತ್ತ ಸಹ್ಯಾದ್ರಿಯಲ್ಲೂ ಇರುವುದನ್ನು ಕಂಡು, ಅವು ಸಾತ್ಪುರ ಬೆಟ್ಟಗಳ ದಾರಿಯಾಗಿ ದಕ್ಷಿಣಕ್ಕೆ ಬಂದಿರಬೇಕೆಂದು ಹೋರಾ ಅವರು ಊಹಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಕಲ್ಲಿಗಂಟಿದ ಒಂದು ಸಣ್ಣ ಮೀನಿನಿಂದ ಬೆಟ್ಟಗುಡ್ಡಗಳ ಚರಿತ್ರೆಯನ್ನು ಓದಲು ಹೊರಟ ಧೈರ್ಯವನ್ನು ಯಾರೂ ಮೆಚ್ಚಬೇಕು.

ಗಾರಾದ ಒಂದು ಜಾತಿ ದಖ್ಖನಿನದೇ. 1839ರಲ್ಲಿ ದಖ್ಖನಿನ ಮೀನುಗಳನ್ನು ವರ್ಣಿಸಿದ ಕರ್ನಲ್ ಸೈಕ್ಸ್ ಅದಕ್ಕೆ ‘ಮುಲ್ಯಾ’ ಎಂದು ಹೆಸರಿಟ್ಟ. ಈ ಸೈಕ್ಸ್ ಶಾಸ್ತ್ರೀಯ ನಾಮಕ್ಕೆ ಲ್ಯಾಟಿನ್ ಪದವನ್ನೇ ಹುಡುಕದೆ, ಎಷ್ಟೋ ಕಡೆ ಊರಿನ ಜನ ಕರೆಯುವ ಹೆಸರನ್ನೇ ಹಿಡಿದವನು. ಸೇಡಂ ಮಳಖೇಡಗಳನ್ನು ದಾಟಿ ಬರುವ ನಮ್ಮ ಕಾಗಿಣಾ ಸೇರುವುದು ಭೀಮೆಯನ್ನು. ಭೀಮೆ ಸೇರುವುದು ಕೃಷ್ಣೆಯನ್ನು. ಆ ಕೃಷ್ಣೆಯ ನೀರಿನ ಬಳಗದ ಮೀನು ಇದು. ನಾನು ಸಾವಿರಾರು ಮೈಲಿ ಆಚೆಯ ಮೀನಿಗೆ ದುಡ್ಡು ಕೊಟ್ಟು ಬಂದಿದ್ದೆ. ಅದರ ಕಸುಬನ್ನೇ ಮಾಡುವ ಮೀನು ನಮ್ಮ ಸೀಮೆಯ ಹೊಳೆಗಳಲ್ಲೇ ಇತ್ತು.

ಹಾಗಾದರೆ ‘ಇದಕ್ಕೆ ಏನೂ ಹಾಕಬೇಕಾಗಿಲ್ಲ’ ಎಂಬ ಮಾತು ಹುಟ್ಟಿದ್ದೆಲ್ಲಿ? ನನ್ನ ಊಹೆ ಹೀಗೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟು ಪರೀಕ್ಷಿಸಿದ. ಸಸ್ಯ ಮೀನಿಗೆ ಪ್ರಾಣವಾಯು ಕೊಟ್ಟಿತು. ಆದರೆ ಕೊಳೆತ ಎಲೆಗಳಿಂದ ಲೋಳೆ ಬೆಳೆದು ನೀರು ಕೆಟ್ಟಿತು. ಆಗ ಆತ ಐದಾರು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಲೋಳೆಯನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಗಾಸ್ ಎಂಬ ಲೇಖಕ ‘ಅಕ್ವೇರಿಯಂ’ ಎಂಬ ಹೆಸರಿನ ಪುಸ್ತಕ ಬರೆದು ಆ ಪದವನ್ನು ಮನೆಮಾತು ಮಾಡಿದ. ವಾರಿಂಗ್ಟನ್ ಕಂಡದ್ದು ಒಂದು ಚಕ್ರ: ಅಲ್ಲಿ ಎಲ್ಲರೂ ಉಣ್ಣುತ್ತಿದ್ದರು, ಎಲ್ಲರೂ ಉಣಿಸುತ್ತಿದ್ದರು. ಮುಂದೆ ಗಾಜಿನ ತೊಟ್ಟಿ ಅಂಗಡಿಯ ಸರಕಾದಾಗ ಚಕ್ರ ಮರೆತುಹೋಯಿತು. ತೊಳೆಯುವ ಆಳು ಮಾತ್ರ ನೆನಪಿನಲ್ಲಿ ಉಳಿದ. ಆಳಿಗೆ ದುಡಿಮೆಯೇ ಕೂಲಿ ಎಂದು ನಾವು ನಿಶ್ಚಯಿಸಿಬಿಟ್ಟೆವು.

ಈಗ ನಾನು ಕಲಿತದ್ದನ್ನು ಹೇಳುತ್ತೇನೆ. ಮನೆಯಲ್ಲಿ ತೊಟ್ಟಿಯಿಟ್ಟವರಿಗೆ ಉಪಯೋಗವಾದೀತು. ಹೊಸ ತೊಟ್ಟಿಯಲ್ಲಿ ಹಾವಸೆಯೇ ಇರುವುದಿಲ್ಲ; ಕೆಲವು ತಿಂಗಳು ಹಳತಾದ ತೊಟ್ಟಿಗೆ ಮಾತ್ರ ಈ ಮೀನನ್ನು ತರಬೇಕು. ಒಂಟಿಯಾಗಿ ತರದೆ ಐದಾರನ್ನು ಕೂಡಿ ತರಬೇಕು. ಜೊತೆಯಿದ್ದರೆ ಅಂಜಿಕೆ ಕಡಿಮೆ. ಅಡಗಲು ಎಲೆ, ಕಟ್ಟಿಗೆ, ಮರೆ ಬೇಕು. ಮರೆಯಿದ್ದಷ್ಟೂ ಅವು ಹೊರಗೆ ಬರುತ್ತವೆಂಬುದು ವಿಚಿತ್ರವಾದರೂ ನಿಜ. ಬೇರೆ ಮೀನುಗಳು ಮೇಲೆ ತೇಲುವ ಕಾಳಿಗೆ ಮುಗಿಬಿದ್ದು ಕ್ಷಣದಲ್ಲಿ ಮುಗಿಸುತ್ತವೆ. ಅಡಿಯಲ್ಲಿರುವ ಸಂಕೋಚದ ಮೀನಿಗೆ ಒಂದು ತುಣುಕೂ ಮುಟ್ಟುವುದಿಲ್ಲ. ಆದ್ದರಿಂದ ರಾತ್ರಿ ದೀಪ ಆರಿಸಿದ ಮೇಲೆ ಇವುಗಳ ಊಟ. ಹೀರೆಕಾಯಿಯನ್ನೋ ಸೌತೆಕಾಯಿಯನ್ನೋ ಬಿಲ್ಲೆಯಾಗಿ ಹೆಚ್ಚಿ, ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆರಿಸಿ, ಭಾರ ಕಟ್ಟಿ ಮುಳುಗಿಸಬೇಕು. ಪಾಲಕದ ಎಲೆಯೂ ಆದೀತು. ಮುಳುಗುವ ಹಾವಸೆಯ ಬಿಲ್ಲೆಗಳು ಅಂಗಡಿಯಲ್ಲಿ ಸಿಗುತ್ತವೆ. ಬೆಳಿಗ್ಗೆ ಉಳಿದದ್ದನ್ನು ತೆಗೆಯದಿದ್ದರೆ ನೀರು ಕೆಡುತ್ತದೆ. ಮೀನು ಉಂಡಿದೆಯೇ ಎಂಬುದಕ್ಕೆ ಹೊಟ್ಟೆಯೇ ಸಾಕ್ಷಿ. ಅದು ತುಸು ದುಂಡಗಿರಬೇಕು. ಇನ್ನೊಂದು ಮಾತು: ಇದೇ ಕೆಲಸಕ್ಕೆಂದು ಮಾರುವ ದೊಡ್ಡ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಸಾಕಲಾರದೆ ಅದನ್ನು ಕೆರೆಗೆ ಬಿಡುವುದು ಪುಣ್ಯವಲ್ಲ. ಹಾಗೆ ಬಿಟ್ಟವು ಬೇರೂರಿ ನಮ್ಮ ದೇಶದ ನೀರಿನ ಮೀನುಗಳಿಗೆ ಕಂಟಕವಾಗಿವೆ.

ತವರಿನ ಅಭಿಮಾನದಿಂದ ನಾನು ಮಾಡಿದ ಮತ್ತೊಂದು ತಪ್ಪೂ ಇದೆ. ತೆಂಗಳಿಯ ಆ ಬಾನಿ ಒಡೆದುಹೋದಾಗ ಎತ್ತಿಟ್ಟಿದ್ದ ಚೂರೊಂದನ್ನು ತೊಟ್ಟಿಯಲ್ಲಿ ಇಟ್ಟಿದ್ದೆ. ನಮ್ಮ ಶಹಾಬಾದು ಕಲ್ಲೆಂದರೆ ಸುಣ್ಣದ ಕಲ್ಲು. ವಾಡಿ ಸೇಡಂಗಳಲ್ಲಿ ಸಿಮೆಂಟಾಗುವುದೂ ಸುಣ್ಣಕಲ್ಲೇ. ಮೃದುವಾದ ನೀರಿನಲ್ಲಿ ಅದು ಮೆಲ್ಲಗೆ ಕರಗಿ ನೀರನ್ನು ಗಡಸು ಮಾಡುತ್ತದೆ. ಓಟೊಸಿಂಕ್ಲಸ್‌ಗೆ ಹಿತವಾದುದು ಮೆದು ನೀರು. ನಮ್ಮ ಕಡೆಯ ಬಾವಿನೀರು ಮೊದಲೇ ಗಡಸು. ಅದಕ್ಕೆ ಈ ಕಲ್ಲಿನ ಉಪಚಾರ ಬೇರೆ. ಚೂರನ್ನು ಈಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದೇನೆ.

ಮೀನಿಗೆ ಅನ್ನವಿಕ್ಕುವುದು ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎರಚದ ಯಾತ್ರಿಕನಿಲ್ಲ. ಬೆಳ್ತಂಗಡಿಯ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳು ಶಿಶಿಲೇಶ್ವರನ ಮೀನುಗಳು. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ವಿಷವಿಕ್ಕಿ ಕೊಂದ ಮೀನುಗಳಿಗೆ ಜನ ಸ್ಮಾರಕ ನಿಲ್ಲಿಸಿದರು. ಅಶೋಕನೂ ತನ್ನ ಪಟ್ಟಾಭಿಷೇಕದ 26 ವರ್ಷಗಳ ಮೇಲೆ ಹಾಕಿಸಿದ ಐದನೆಯ ಸ್ತಂಭಶಾಸನದಲ್ಲಿ, ಕೆಲವು ಪರ್ವದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದ. ಅದನ್ನು ಕುರಿತೂ ಹೋರಾ ಅವರು ಬರೆದರು. ಅಶೋಕನ ಬೇರೆ ಶಾಸನಗಳು 1986ರಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮೆಯ ದಡದಲ್ಲೇ, ಕಾಳಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಹೊರಬಿದ್ದವು. ಮಾಡು ಕುಸಿಯುವವರೆಗೆ ಆ ಅಕ್ಷರಗಳು ಯಾರ ಕಣ್ಣಿಗೂ ಬೀಳದೆ ಅಡಿಯಲ್ಲೇ ಇದ್ದವು.

ಇಷ್ಟೆಲ್ಲ ದಯೆಯ ನಡುವೆಯೂ ಒಂದು ಕೊರತೆಯಿದೆಯೆಂದು ನನಗೆ ತೋರುತ್ತದೆ. ಶೃಂಗೇರಿಯಲ್ಲಿ ನಾವು ಎರಚಿದ ಪುರಿಗೆ ಬಾಯ್ದೆರೆದು ಬರುವುದು ದೊಡ್ಡ ಮೀನು, ಧೈರ್ಯದ ಮೀನು. ಅಡಿಯಲ್ಲಿ ಕಲ್ಲಿಗಂಟಿದ ಮೀನು ಬರುವುದಿಲ್ಲ. ಹೊಳೆಯಲ್ಲಿ ಅದಕ್ಕೆ ನಮ್ಮ ಹಂಗೂ ಇಲ್ಲ. ಬಂಡೆಯಿದೆ, ಬಿಸಿಲಿದೆ, ಹಾವಸೆಯಿದೆ. ಗಾಜಿನೊಳಗೆ ತಂದಿಟ್ಟ ಮೇಲೆ ಮಾತ್ರ ಅದರ ಹಸಿವು ನಮ್ಮ ಹೊಣೆ. ಮುಂದೆ ಬಂದವರಿಗೆ ಬಡಿಸಿ ಕೈತೊಳೆದುಕೊಳ್ಳುವ ಅಭ್ಯಾಸ ಮೀನಿನ ವಿಷಯಕ್ಕೆ ಮಾತ್ರ ಸೀಮಿತವಲ್ಲ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು, ಕೈಯೆತ್ತಿದ ಹುಡುಗರ ಪ್ರಶ್ನೆಗಳಿಗೆ ಉತ್ತರಿಸಿ ತೃಪ್ತನಾಗಿ ಎಷ್ಟು ಸಲ ತರಗತಿಯಿಂದ ಹೊರಬಂದಿಲ್ಲ!

ಉಳಿದ ಆ ಒಂದು ಮೀನಿಗೆ ಆಮೇಲೆ ಐದು ಜೊತೆಗಾರರನ್ನು ತಂದೆವು. ನಿನ್ನೆ ರಾತ್ರಿ ದೀಪ ಆರಿಸಿ, ಮಗಳೂ ನಾನೂ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಬಹಳ ಹೊತ್ತಿನ ಮೇಲೆ ಎಲೆಯ ಮರೆಯಿಂದ ಒಂದು ನೆರಳು ಬಂದು ಹೀರೆಕಾಯಿಯ ಬಿಲ್ಲೆಗೆ ಅಂಟಿಕೊಂಡಿತು. ಅದರ ಹಿಂದೆ ಇನ್ನೊಂದು. ಮಗಳು ಬೆರಳಿನಲ್ಲಿ ಎಣಿಸತೊಡಗಿದಳು. ಆರನೆಯದು ಬರುವವರೆಗೂ ನಾವು ಏಳಲಿಲ್ಲ.