ಮರೆಗುಳಿತನ: ಆರೈಕೆ ಮತ್ತು ಆಸರೆ

ನೆನಪು, ಮಾತು, ವಿವೇಚನೆ ಕ್ರಮೇಣ ಕುಂದುವ ಮಿದುಳಿನ ಕಾಯಿಲೆಗಳ ಗುಂಪೇ ಮರೆಗುಳಿತನ ಅಥವಾ ಡಿಮೆನ್ಷಿಯಾ. ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾದರೆ ತಪಾಸಣೆ ತಡವಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಆರೈಕೆ ಮನೆಯವರದೇ, ಹೆಚ್ಚಾಗಿ ಹೆಂಡತಿ, ಮಗಳು, ಸೊಸೆಯದು. ಹತ್ತನೆಯ ಸಲ ಕೇಳಿದ ಪ್ರಶ್ನೆಗೂ ವಾದಿಸದೆ ಉತ್ತರಿಸುವುದು, ಸಾಮಾನುಗಳ ಜಾಗ ಬದಲಿಸದಿರುವುದು, ದಿನಚರಿ ಕಾಯುವುದು ರೋಗಿಗೆ ನೆಮ್ಮದಿ. ಆರೈಕೆದಾರರಿಗೂ ಬಿಡುವು ಬೇಕು. ಅದನ್ನು ಕೇಳುವುದು ಸ್ವಾರ್ಥವಲ್ಲ.

ಮನೆಯ ಹೊರಗೂ ಆಸರೆಯಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆಗುಳಿತನ ಇರುವವರಿಗೆ ಹಗಲಾರೈಕೆ ಕೇಂದ್ರಗಳನ್ನು ನಡೆಸಿದೆ. 2022ರಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ ಜತೆ ರಾಜ್ಯ ಸರ್ಕಾರ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಚಿಕಿತ್ಸಾಲಯಗಳು ಜಿಲ್ಲಾ ಮಟ್ಟಕ್ಕೆ ಬಂದಿವೆ. ದಣಿದ ಮನಸ್ಸಿಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲಿರುಳೂ ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567.