ಕಾವಲು ಮತ್ತು ಕಸುವು: ವಿದ್ಯುತ್ ಕ್ರೀಡಾ ಕಾರುಗಳ ವಿಕಾಸ ಕುರಿತ ಒಂದು ಪರಿಶೀಲನೆ

ವೇಗದ ಚರಿತ್ರೆಯನ್ನು ಸಾಮಾನ್ಯವಾಗಿ ವಾಹನಗಳ ಚರಿತ್ರೆಯಾಗಿಯೇ ಬರೆಯಲಾಗುತ್ತದೆ. ಕಡೂರು, ತರೀಕೆರೆ ಹಾಗೂ ಅಜ್ಜಂಪುರ ಸೀಮೆಯ ಅಮೃತ ಮಹಲ್ ಪರಂಪರೆಯು ಇದಕ್ಕಿಂತ ಭಿನ್ನವಾದ ತಿಳಿವಳಿಕೆಯನ್ನು ಒಳಗೊಂಡಿದೆ. ಓಡುವ ಕಸುವಿನಷ್ಟೇ ಆ ಕಸುವನ್ನು ಮರಳಿ ತುಂಬುವ ವ್ಯವಸ್ಥೆಯೂ ಮುಖ್ಯ ಎಂಬುದೇ ಆ ತಿಳಿವಳಿಕೆ. ವಿದ್ಯುತ್ ಮತ್ತು ಹೈಬ್ರಿಡ್ ಕ್ರೀಡಾ ಕಾರುಗಳ ವಿಕಾಸವನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಹೈದರನ ಸೈನ್ಯವು ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ 100 ಮೈಲಿ ಕ್ರಮಿಸಿ ಚಿದಂಬರಂ ತಲುಪಿದುದನ್ನು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಈ ವೇಗದ ಹಿಂದೆ ತಳಿಯ ಗುಣದ ಜೊತೆಗೆ ಕಾವಲುಗಳ ಜಾಲವೂ ಇತ್ತು. ಬೇಸಿಗೆ, ಮಳೆ ಮತ್ತು ಚಳಿಗಾಲಗಳಿಗೆ ಪ್ರತ್ಯೇಕವಾಗಿ ಮೀಸಲಾದ ಹುಲ್ಲುಗಾವಲುಗಳ ನಡುವೆ ಹಿಂಡುಗಳು ಸಂಚರಿಸುತ್ತಿದ್ದವು. 1860ರ ದಶಕದ ಆರಂಭದಲ್ಲಿ ಮಿತವ್ಯಯದ ನೆಪದಲ್ಲಿ ಹಿಂಡುಗಳನ್ನು ಮಾರಲಾಯಿತು. ಅದರ ನಷ್ಟ ಬೇಗನೆ ಅರಿವಿಗೆ ಬಂದು, 1866ರಲ್ಲಿ ವ್ಯವಸ್ಥೆಯನ್ನು ಪುನಃ ಸ್ಥಾಪಿಸಬೇಕಾಯಿತು.

ವಿದ್ಯುತ್ ವಾಹನದ ಚರಿತ್ರೆಯಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ಮೀರಿದ ಕಾರು ಪೆಟ್ರೋಲಿನದಲ್ಲ; 1899ರಲ್ಲಿ ಕಾಮೀಲ್ ಜೆನಾಟ್ಜಿ ಓಡಿಸಿದ ವಿದ್ಯುತ್ ಕಾರು. ಮರುವರ್ಷ ಫರ್ಡಿನಾಂಡ್ ಪೋರ್ಷೆ ಎಂಜಿನ್ ಹಾಗೂ ಮೋಟಾರು ಎರಡನ್ನೂ ಜೋಡಿಸಿದ ಹೈಬ್ರಿಡ್ ವಾಹನವನ್ನು ರೂಪಿಸಿದರು. ನಿಂತಲ್ಲಿಂದಲೇ ಪೂರ್ಣ ಎಳೆತ ನೀಡುವ ಗುಣ ವಿದ್ಯುತ್ ಮೋಟಾರಿಗಿದೆ. ಆದರೆ ಅಂದಿನ ಸೀಸದ ಬ್ಯಾಟರಿ ಭಾರವಾಗಿದ್ದು, ಬೇಗನೆ ಬರಿದಾಗುತ್ತಿತ್ತು. ಪೆಟ್ರೋಲ್ ಕಾರು ಮುಂದೆ ಸಾಗಿದ್ದಕ್ಕೆ ಇದೊಂದು ಮುಖ್ಯ ಕಾರಣ.

ಲಿಥಿಯಂ-ಅಯಾನ್ ಬ್ಯಾಟರಿ ಬಳಸಿದ ಟೆಸ್ಲಾ ರೋಡ್‌ಸ್ಟರ್ 2008ರಲ್ಲಿ ಬಂದ ಮೇಲೆ ಚಿತ್ರ ಬದಲಾಯಿತು. 2012ರಲ್ಲಿ ಆಡಿಯ ಹೈಬ್ರಿಡ್ ಕಾರು ಲೆ ಮಾನ್‌ನ 24 ಗಂಟೆಗಳ ಓಟವನ್ನು ಗೆದ್ದಿತು. ಬ್ರೇಕು ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಮರಳಿ ಬಳಸುವುದು ಅದರ ತಂತ್ರ. 2014ರಲ್ಲಿ ಆರಂಭವಾದ ಫಾರ್ಮುಲಾ-ಇ ಪಂದ್ಯಗಳಲ್ಲಿ ಬ್ಯಾಟರಿ ಕೊನೆಯವರೆಗೆ ಬಾಳುತ್ತಿರಲಿಲ್ಲ. ಮೊದಲ ನಾಲ್ಕು ಋತುಗಳಲ್ಲಿ ಚಾಲಕರು ಓಟದ ನಡುವೆಯೇ ಕಾರು ಬದಲಿಸುತ್ತಿದ್ದರು. ದಣಿದ ಜೋಡಿಯನ್ನು ಬಿಚ್ಚಿ ಹೊಸ ಜೋಡಿಯನ್ನು ಹೂಡುವ ಗಾಡಿ ದಾರಿಯ ಪದ್ಧತಿಗೂ ಇದಕ್ಕೂ ಇರುವ ಸಾಮ್ಯ ಗಮನಾರ್ಹ.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಸ್ಥಾನವಿದೆ. ಬೆಂಗಳೂರಿನ ರೇವಾ ಸಂಸ್ಥೆ 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ ಸಂಸ್ಥೆ 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ದಿಲೀಪ್ ಛಾಬ್ರಿಯಾ ವಿನ್ಯಾಸಗೊಳಿಸಿದ ಎನ್‌ಎಕ್ಸ್‌ಜಿ ಎಂಬ ಎರಡು ಆಸನಗಳ ಕ್ರೀಡಾ ಮಾದರಿಯನ್ನು ಪ್ರದರ್ಶಿಸಿತು. ಒಮ್ಮೆ ತುಂಬಿದರೆ 200 ಕಿ.ಮೀ. ಎಂದು ಅದರ ಓಟವನ್ನು ಹೇಳಲಾಗಿತ್ತು. ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿ ಕಡೂರು ಇರುವುದು ಅದಕ್ಕೂ ದೂರದಲ್ಲಿ. ಆ ಮಾದರಿ ಉತ್ಪಾದನೆಗೆ ಬರಲಿಲ್ಲ. 2010ರಲ್ಲಿ ರೇವಾ ಮಹೀಂದ್ರ ಸಮೂಹದ ಪಾಲಾಯಿತು. ಅದೇ ಸಮೂಹದ ಒಡೆತನದ ಪಿನಿನ್‌ಫಾರಿನಾ ಕಂಪನಿ 2019ರಲ್ಲಿ 1,900 ಅಶ್ವಶಕ್ತಿಯ ಬತಿಸ್ತಾ ವಿದ್ಯುತ್ ಕಾರನ್ನು ಅನಾವರಣಗೊಳಿಸಿತು.

ಕಸುವು ಇಷ್ಟು ಬೆಳೆದಿದ್ದರೂ ಅದನ್ನು ಮರಳಿ ತುಂಬುವ ತಾಣಗಳ ಪ್ರಶ್ನೆ ಉಳಿದೇ ಇದೆ. ಇಲ್ಲಿ ಕಾವಲುಗಳ ಅನುಭವ ಎಚ್ಚರಿಕೆಯಾಗಿದೆ. ಅಜ್ಜಂಪುರದ ಸಂವರ್ಧನಾ ಕೇಂದ್ರ ತಳಿಯನ್ನು ಉಳಿಸಿಕೊಂಡಿದೆ. ಬೀರೂರಿನ ಹೋರಿಕರುಗಳ ಹರಾಜಿಗೆ ದೂರದ ರೈತರೂ ಬರುತ್ತಾರೆ. ಗಾಡಿ ಓಟಕ್ಕೆ ಅವಕಾಶ ನೀಡಿದ ರಾಜ್ಯದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ಆದರೆ ಕಾವಲುಗಳು ಪಾಳುಭೂಮಿಯೆಂಬ ಹೆಸರಿನಲ್ಲಿ ಕರಗುತ್ತ ಬಂದಿವೆ. ಓಟವನ್ನು ಕೊಂಡಾಡಿ ಮೇವಿನ ನೆಲವನ್ನು ಮರೆತ ಸಮಾಜಕ್ಕೆ ಯಾವ ವೇಗವೂ ಬಹುಕಾಲ ದಕ್ಕದು. ವಿದ್ಯುತ್ ವಾಹನಗಳ ಮುಂದಿನ ಚರಿತ್ರೆಯನ್ನು ಬರೆಯುವವರು ವೇಗಮಾಪಕದ ಅಂಕಿಗಳೊಡನೆ ದಾರಿಬದಿಯ ತಂಗುದಾಣಗಳನ್ನೂ ದಾಖಲಿಸಬೇಕಾದುದು ಈ ಕಾರಣಕ್ಕಾಗಿ.