ಉನ್ನತ ತಾಪದ ಅತಿವಾಹಕ ತಂತಿಗಳ ಉಷ್ಣಸ್ಥಿರತೆ

ಅತಿವಾಹಕ ತಂತಿಯ ಒಂದು ಭಾಗ ಬಿಸಿಯಾಗಿ ರೋಧ ಕಾಣಿಸಿಕೊಂಡರೂ ಬಿಸಿಯನ್ನು ಹೊರಚೆಲ್ಲಿ ಮತ್ತೆ ಮೊದಲಿನಂತಾಗುವ ಸಾಮರ್ಥ್ಯವೇ ಉಷ್ಣಸ್ಥಿರತೆ. ಬಿಸಿ ಏರುತ್ತಲೇ ಹೋದರೆ ಅದು ಕ್ವೆಂಚ್.

1986ರಲ್ಲಿ ಬೆಡ್ನಾರ್ಟ್ಸ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಉನ್ನತ ತಾಪದ ಅತಿವಾಹಕತೆಯನ್ನು ಕಂಡರು. ಮರುವರ್ಷವೇ ಸುಮಾರು 93 ಕೆಲ್ವಿನ್‌ವರೆಗೆ ಅತಿವಾಹಕವಾಗಿರುವ ಇಟ್ರಿಯಮ್-ಬೇರಿಯಮ್ ಸಂಯುಕ್ತ ಸಿಕ್ಕಿತು. ಅದನ್ನು ತಣಿಸಲು 77 ಕೆಲ್ವಿನ್‌ನ ದ್ರವ ಸಾರಜನಕವೇ ಸಾಕು. ಇದೇ ಕುಟುಂಬದ ರೆಬ್ಕೊ ತಂತಿ ನಿಜಕ್ಕೆ ತೆಳ್ಳನೆಯ ಪಟ್ಟಿ. ಸಾಮಾನ್ಯವಾಗಿ 50 ಮೈಕ್ರೋಮೀಟರ್ ದಪ್ಪದ ನಿಕಲ್ ಮಿಶ್ರಲೋಹದ ತಳ, ಅದರ ಮೇಲೆ ಒಂದೆರಡು ಮೈಕ್ರೋಮೀಟರಿನಷ್ಟೇ ಅತಿವಾಹಕ ಪದರ, ಅದಕ್ಕೆ ಬೆಳ್ಳಿಯ ಲೇಪ, ಸುತ್ತಲೂ ತಾಮ್ರ. ಅತಿವಾಹಕ ಸೋತಾಗ ವಿದ್ಯುತ್ತನ್ನು ಹೊರುವುದು ಈ ತಾಮ್ರ.

4 ಕೆಲ್ವಿನ್ ಆಸುಪಾಸಿನಲ್ಲಿ ದುಡಿಯುವ ನಿಯೋಬಿಯಮ್-ಟೈಟಾನಿಯಮ್ ತಂತಿ ಕೊಂಚ ಅಲುಗಿದರೂ ಕ್ವೆಂಚ್ ಆಗಬಹುದು. ರೆಬ್ಕೊ ಹಾಗಲ್ಲ. 77 ಕೆಲ್ವಿನ್‌ನಲ್ಲಿ ತಾಮ್ರದ ವಿಶಿಷ್ಟೋಷ್ಣ 4 ಕೆಲ್ವಿನ್‌ನಲ್ಲಿರುವುದಕ್ಕಿಂತ ಸುಮಾರು 2000 ಪಟ್ಟು ಹೆಚ್ಚು. ಸಣ್ಣಪುಟ್ಟ ಶಾಖಕ್ಕೆ ಪಟ್ಟಿಯ ತಾಪ ಅಷ್ಟಾಗಿ ಏರುವುದಿಲ್ಲ. ಇನ್ನೂ ತಣ್ಣಗಿಟ್ಟು ದುಡಿಸಿದಾಗ ಅತಿವಾಹಕತೆ ಅಳಿಯುವ ಕ್ರಾಂತಿತಾಪದವರೆಗಿನ ದೀರ್ಘ ಅಂತರ ಅದನ್ನು ಕಾಯುತ್ತದೆ.

ಆದರೆ ಅಪಾಯ ಇರುವುದೂ ಈ ಗಟ್ಟಿತನದಲ್ಲೇ. ನಿಯೋಬಿಯಮ್-ಟೈಟಾನಿಯಮ್‌ನಂಥ ಹಳೆಯ ಬಗೆಯ ತಂತಿಯಲ್ಲಿ ಕ್ವೆಂಚ್ ಸೆಕೆಂಡಿಗೆ ಹಲವು ಮೀಟರ್ ಹಬ್ಬುತ್ತದೆ. ರೆಬ್ಕೊದಲ್ಲಿ ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳಷ್ಟೇ. ಬಿಸಿಯಾದ ಜಾಗ ಚಿಕ್ಕದಾಗಿಯೇ ಉಳಿಯುವುದರಿಂದ ಅಲ್ಲಿ ಹುಟ್ಟುವ ವೋಲ್ಟೇಜೂ ಅತ್ಯಲ್ಪ. ಪಟ್ಟಿಯನ್ನು ಸುತ್ತಿ ಮಾಡಿದ ಸುರುಳಿಯ ವಿದ್ಯುತ್ ಗದ್ದಲದಲ್ಲಿ ಅದು ಸುಲಭವಾಗಿ ಮುಚ್ಚಿಹೋಗುತ್ತದೆ. ಪತ್ತೆಯಾಗುವ ಹೊತ್ತಿಗೆ ಆ ಒಂದೇ ಬಿಂದುವಿನಲ್ಲಿ ಬೆಸುಗೆ ಕರಗಿರಬಹುದು, ಪದರಗಳು ಬಿಟ್ಟುಕೊಂಡಿರಬಹುದು. ಪಟ್ಟಿಯ ಉದ್ದಕ್ಕೂ ವಿದ್ಯುತ್ ಹೊರುವ ಶಕ್ತಿ ಒಂದೇ ಸಮನಿರುವುದಿಲ್ಲ. ಸಾಮಾನ್ಯವಾಗಿ ದುರ್ಬಲವಾದ ತಾಣವೇ ಮೊದಲು ಸುಡುತ್ತದೆ.

ತಾಮ್ರವನ್ನು ದಪ್ಪ ಮಾಡಿದರೆ ರಕ್ಷಣೆ ಹೆಚ್ಚುತ್ತದೆ, ಆದರೆ ಅಷ್ಟೇ ಜಾಗದಲ್ಲಿ ಹರಿಯುವ ವಿದ್ಯುತ್ ಕಡಿಮೆಯಾಗುತ್ತದೆ. ಇದಕ್ಕಿಂತ ದಿಟ್ಟವಾದದ್ದು ಸುರುಳಿಯ ಸುತ್ತುಗಳ ನಡುವಿನ ನಿರೋಧಕವನ್ನೇ ತೆಗೆದುಹಾಕುವ ದಾರಿ. 2011ರಲ್ಲಿ ಸುಂಗ್‌ಯೋಂಗ್ ಹಾನ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನದಲ್ಲಿ, ಒಂದು ಸುತ್ತು ಕೆಟ್ಟರೆ ವಿದ್ಯುತ್ ಪಕ್ಕದ ಸುತ್ತಿಗೆ ಜಾರಿಕೊಳ್ಳುತ್ತದೆ. 2019ರಲ್ಲಿ ಅಮೆರಿಕದ ಟಾಲಹಾಸಿಯಲ್ಲಿ 45.5 ಟೆಸ್ಲಾ ಕ್ಷೇತ್ರ ಮುಟ್ಟಿದ್ದು, ಸಾಮಾನ್ಯ ವಿದ್ಯುತ್ಕಾಂತದೊಳಗೆ ಕೂರಿಸಿದ ಇಂಥದೇ ಪುಟ್ಟ ಸುರುಳಿಯಿಂದ. ಇದಕ್ಕೂ ಬೆಲೆ ಉಂಟು: ಕ್ಷೇತ್ರವನ್ನು ನಿಧಾನವಾಗಿಯೇ ಏರಿಸಬೇಕು, ಕ್ವೆಂಚ್ ವೇಳೆ ಸುತ್ತುಗಳ ಮೇಲೆ ಬೀಳುವ ಬಲವೂ ಪ್ರಚಂಡ.

ವೋಲ್ಟೇಜನ್ನೇ ನೆಚ್ಚದೆ, ಪಟ್ಟಿಯ ಗುಂಟ ಆಪ್ಟಿಕಲ್ ಫೈಬರ್ ಎಳೆದು ತಾಪವನ್ನು ನೇರವಾಗಿ ಅಳೆಯುವ ಪ್ರಯತ್ನಗಳೂ ನಡೆದಿವೆ. ವಿದ್ಯುತ್ ಜಾಲದ ದೋಷಪ್ರವಾಹ ಮಿತಿಕಾರಕಗಳಲ್ಲಂತೂ ಕ್ವೆಂಚನ್ನೇ ದುಡಿಸಿಕೊಳ್ಳುತ್ತಾರೆ: ಶಾರ್ಟ್ ಸರ್ಕ್ಯೂಟ್ ಆದೊಡನೆ ಪಟ್ಟಿ ಅತಿವಾಹಕತೆ ಕಳೆದುಕೊಂಡು, ತನ್ನ ರೋಧದಿಂದಲೇ ಪ್ರವಾಹವನ್ನು ತಡೆಯುತ್ತದೆ.